20ನೇ ತಾರೀಖು ಕಳೆದ ಮೇಲೆ ಕಾದಂಬರಿಗೆ ಮರಳುವುದು ಹೇಗೆ?

ಪಾಸಿನ ಪ್ರಯಾಣಿಕ:

ಮಂಡ್ಯದಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವನು ನಾನು. ಚಿಕ್ಕಪೇಟೆಯ ಹತ್ತಿರ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮೂರು ವರ್ಷಗಳಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ, ಮೊದಲನೆಯದು. ಊರಿನ ಆಲೆಮನೆ, ಅದರ ಯಜಮಾನ ಸತ್ತ ಮೇಲೆ ಪಾಕದ ಹದ ನೋಡಲು ಕೊಪ್ಪರಿಗೆಯ ಮುಂದೆ ನಿಲ್ಲುವ ಅವನ ಸೊಸೆ. ಇಷ್ಟೇ ಕಥೆ.

ಸಮಯವಿಲ್ಲ ಎಂದು ಅಳುತ್ತಿಲ್ಲ. ಬೆಳಿಗ್ಗೆ ಕಿಟಕಿಯ ಪಕ್ಕ ಜಾಗ ಸಿಕ್ಕರೆ ಕೆಂಗೇರಿ ಬರುವಷ್ಟರಲ್ಲಿ ಮೊಬೈಲಿನಲ್ಲಿ 300 ಪದ, ಬಾಗಿಲ ಬಳಿ ನಿಂತರೆ 100. ಸಂಜೆ ಇಸ್ಪೀಟಿನವರ ಗದ್ದಲದಲ್ಲಿ ಏನೂ ಆಗುವುದಿಲ್ಲ, ಬಿಡಿ.

ತೊಂದರೆ ಇರುವುದು ತಿಂಗಳ ನಡುವೆ. ಗಿರಾಕಿಗಳ ಜಿಎಸ್‌ಟಿ ಲೆಕ್ಕ ಸಲ್ಲಿಸುವ ಗಡುವುಗಳು: 11ಕ್ಕೆ ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1; 20ಕ್ಕೆ ತಿಂಗಳ ತೆರಿಗೆಯ ಲೆಕ್ಕ, ಜಿಎಸ್‌ಟಿಆರ್-3ಬಿ. 7ರಿಂದಲೇ ರೈಲಿನೊಳಗೂ ಗಿರಾಕಿಗಳ ಫೋನು. 21ಕ್ಕೆ ಫೈಲು ತೆರೆದರೆ ಆ ಸೊಸೆ ನನ್ನನ್ನು ಪರವೂರಿನವನಂತೆ ನೋಡುತ್ತಾಳೆ. ಅವಳ ಮಾತಿನ ಧಾಟಿ ಹಿಡಿಯಲು ಮೊದಲಿನಿಂದ ಓದುತ್ತೇನೆ, ಓದುತ್ತಾ ತಿದ್ದುತ್ತೇನೆ. ಹೀಗೆ ಮೊದಲ ಅಧ್ಯಾಯ ಹನ್ನೊಂದು ಸಲ ಬರೆದಾಯಿತು, ಒಂಬತ್ತನೆಯದು ಇನ್ನೂ ಹುಟ್ಟಿಲ್ಲ. ಪ್ರಕಾಶಕರೊಬ್ಬರಿಗೆ ಮೂರು ಅಧ್ಯಾಯ ಕಳುಹಿಸಿ ಎಂಟು ತಿಂಗಳಾಗಿದೆ, ಸುದ್ದಿಯಿಲ್ಲ. ಹೆಂಡತಿ ಏನೂ ಅನ್ನುವುದಿಲ್ಲ. ಹೆದರಿಕೆ ಅದೇ.

ನೌಕರಿಯಲ್ಲಿದ್ದುಕೊಂಡು ಮೊದಲ ಕಾದಂಬರಿ ಮುಗಿಸಿದವರು ಯಾರಾದರೂ ಇದ್ದೀರಾ? ಈ ಎರಡು ವಾರಗಳ ಕಂದಕವನ್ನು ಹೇಗೆ ದಾಟಿದಿರಿ?

ಖಾರದಪುಡಿ:

ನಿವೃತ್ತಿಯಾದ ಮೇಲೆ ಬರೆಯಿರಿ. ಮಾಸ್ತಿಯವರು ಸರ್ಕಾರಿ ಸೇವೆ ಬಿಟ್ಟದ್ದು 1943ರಲ್ಲಿ, ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ. ಅವಸರವೇನು?

ಶಿಲ್ಕು ಗುಮಾಸ್ತ:

ಮಾಸ್ತಿಯವರು ನೌಕರಿಯಲ್ಲಿದ್ದಷ್ಟು ಕಾಲ ಕೈಕಟ್ಟಿ ಕುಳಿತಿರಲಿಲ್ಲ ಸ್ವಾಮಿ, ‘ಕೆಲವು ಸಣ್ಣ ಕತೆಗಳು’ 1920ರಲ್ಲೇ ಬಂದಿತ್ತು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿಯುತ್ತಲೇ ‘ಶಿಕಾರಿ’ ಬರೆದರು. ಆದರೆ ದೊಡ್ಡವರ ಹೆಸರು ಹೇಳಿದರೆ ಇವರ 21ನೇ ತಾರೀಖು ಹಗುರವಾಗುವುದಿಲ್ಲ.

ಪ್ರಯಾಣಿಕರೇ, ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದವನು. ಒಂದು ಕಾದಂಬರಿಗೆ ಏಳು ವರ್ಷ ಹಿಡಿಯಿತು. ಮಾರ್ಚ್ ಬಂತೆಂದರೆ ನನ್ನ ಕಥೆಯೂ ನಿಮ್ಮಂತೆಯೇ. ನೀವು ಲೆಕ್ಕ ಬಲ್ಲವರು, ಹೇಳಿ: ದಿನದ ಕೊನೆಗೆ ಅಖೈರು ಶಿಲ್ಕು, ಅಂದರೆ ಕೈಯಲ್ಲಿ ಉಳಿದ ಹಣ, ಬರೆಯದೆ ನಗದು ಪುಸ್ತಕ ಮುಚ್ಚುತ್ತೀರಾ? ಮರುದಿನ ಅದೇ ಆರಂಭ ಶಿಲ್ಕು. ಏಪ್ರಿಲ್ ಒಂದರಿಂದ ಕೂಡಿಕೊಂಡು ಬಂದು ಯಾರೂ ಇವತ್ತಿನ ವಹಿವಾಟು ಬರೆಯುವುದಿಲ್ಲ. ಕಾದಂಬರಿಯಲ್ಲಿ ಮಾತ್ರ ನೀವು ಅದನ್ನೇ ಮಾಡುತ್ತಿದ್ದೀರಿ.

6ರ ರಾತ್ರಿ ನಾಲ್ಕೈದು ಸಾಲು ಬರೆದಿಡಿ. ಅವಳು ಎಲ್ಲಿ ನಿಂತಿದ್ದಾಳೆ, ಕೈಯಲ್ಲಿ ಏನಿದೆ, ಯಾರ ಮೇಲೆ ಸಿಟ್ಟು, ಮುಂದಿನ ಮಾತು ಯಾರ ಸರದಿ. ಅವಳ ದನಿಯಲ್ಲೇ ಬರೆಯಬೇಕು, ನಿಮ್ಮದರಲ್ಲಲ್ಲ. ನಾನು ಮೊದಮೊದಲು ‘ಇಲ್ಲಿ ಜಗಳ ಬರಬೇಕು’ ಎಂದು ಗುರುತು ಹಾಕಿಕೊಂಡು, ಏಪ್ರಿಲ್‌ನಲ್ಲಿ ಅದನ್ನು ಓದಿ, ಯಾವ ಜಗಳ, ಯಾರಿಗೂ ಯಾರಿಗೂ ಎಂದು ತಿಳಿಯದೆ ಒಂದು ಭಾನುವಾರ ಪೂರ್ತಿ ಕುಳಿತಿದ್ದೆ.

ಮೊದಲ ಅಧ್ಯಾಯವನ್ನು ಕಾಗದದ ಮೇಲೆ ಮುದ್ರಿಸಿ ಮನೆಯವರ ಕೈಗೆ ಕೊಡಿ, ಮೊಬೈಲಿನಿಂದ ತೆಗೆದುಬಿಡಿ. ಪ್ರಕಾಶಕರ ಮೌನಕ್ಕೆ ಅರ್ಥ ಹುಡುಕಬೇಡಿ. ಹೊಸಬನ ಅರ್ಧ ಕಾದಂಬರಿಗೆ ಅವರಾದರೂ ಏನು ಉತ್ತರ ಬರೆಯಬೇಕು? ಮುಗಿದ ಮೇಲೆ, ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಕೊಡುವ ಪ್ರೋತ್ಸಾಹಧನದ ಪ್ರಕಟಣೆ ನೋಡುತ್ತಿರಿ. ವಯೋಮಿತಿ ಇರುತ್ತದೆ, ಓದಿಕೊಂಡೇ ಅರ್ಜಿ ಹಾಕಿ.

ಹಿತ್ತಲ ಬೇಲಿ:

ನಾನು ಬರೆಯುವವಳಲ್ಲ, ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಆದರೆ ನಮ್ಮ ಮಾವನವರದು ಆಲೆಮನೆ ಇತ್ತು. ನಿಮ್ಮ ಸೊಸೆ ಹದ ಹೇಗೆ ನೋಡುತ್ತಾಳೆ? ನಮ್ಮಲ್ಲಿ ಕುದಿಯುವ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳುಗಳ ನಡುವೆ ಉಂಡೆ ಕಟ್ಟುತ್ತದೆಯೇ ಎಂದು ನೋಡುತ್ತಿದ್ದರು. ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ. ಹದ ನೋಡುವ ಕೆಲಸ ನಮ್ಮ ಮನೆಯಲ್ಲಿ ಹೆಂಗಸರ ಕೈಗೆ ಒಮ್ಮೆಯೂ ಬರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ: ಅವಳು ನಿಂತಾಗ ಉಳಿದವರು ಏನು ಮಾಡುತ್ತಾರೆ?

ಪಾಸಿನ ಪ್ರಯಾಣಿಕ:

ಉತ್ತರ ತಡವಾಯಿತು, ಕಾರಣ ನಿಮಗೆಲ್ಲ ಗೊತ್ತು. ಇವತ್ತು 22.

ಬೇಲಿಯವರೇ, ನನ್ನ ಸೊಸೆ ಇಷ್ಟು ದಿನ ಬರೀ ಕಣ್ಣಿನಲ್ಲಿ ಹದ ನೋಡುತ್ತಿದ್ದಳು. ತಣ್ಣೀರಿನ ಬಟ್ಟಲು ನೀವು ಕೊಟ್ಟದ್ದು. 6ರ ರಾತ್ರಿ ಬರೆದಿಟ್ಟ ಶಿಲ್ಕು ಹೀಗಿತ್ತು: ‘ಉಂಡೆ ಕಟ್ಟಲಿಲ್ಲ. ಇನ್ನೊಂದು ಗಳಿಗೆ ಅಂದೆ. ಮೈದುನ ಒಲೆಗೆ ಸಿಪ್ಪೆ ತುಂಬುವುದನ್ನು ನಿಲ್ಲಿಸಿಬಿಟ್ಟ. ಅವನ ಮುಖ ನೋಡಲಿಲ್ಲ ನಾನು, ಬೆಂಕಿ ನೋಡಿದೆ.’

ನಿನ್ನೆ ಚನ್ನಪಟ್ಟಣ ದಾಟುವಷ್ಟರಲ್ಲಿ ಅವಳು ಮೈದುನನಿಗೆ ಉತ್ತರ ಕೊಟ್ಟಳು. ರಾಮನಗರದಲ್ಲಿ ಹತ್ತಿದವರೊಬ್ಬರು ಕಾಲು ತುಳಿದರು. 240 ಪದ, ಅದೂ ನಿಂತುಕೊಂಡು.

ಮೊದಲ ಅಧ್ಯಾಯವನ್ನು ಹೆಂಡತಿಗೆ ಕೊಟ್ಟಿದ್ದೆ. ಓದಿ, ‘ಇದರಲ್ಲಿ ಮಾವ ಎರಡು ಸಲ ಸಾಯುತ್ತಾನಲ್ಲ’ ಎಂದಳು. ಹನ್ನೊಂದು ಸಲ ತಿದ್ದಿದ ಅಧ್ಯಾಯ! ಸರಿಪಡಿಸಲು ಕೈ ತುರಿಸುತ್ತಿದೆ. ಕಾಗದ ಅವಳ ಬೀರುವಿನಲ್ಲಿದೆ, ಬೀಗ ಹಾಕಿದ್ದಾಳೆ.