ಪದಚರ್ಚೆ: ‘ಗನ್ ಕಂಟ್ರೋಲ್’, ‘ಸಪೋರ್ಟ್ ದ ಟ್ರೂಪ್ಸ್’, ‘ಮೀಡಿಯಾ ಬಯಾಸ್’ – ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನಿರುವುದು ಅಮೆರಿಕದ ಟೆಕ್ಸಾಸಿನಲ್ಲಿ. ಊರು ಸುಳ್ಯದ ಕಡೆ. ಇಲ್ಲಿನ ಕನ್ನಡ ಕೂಟದ ಪತ್ರಿಕೆಗೆ ಈ ದೇಶದ ಸುದ್ದಿಗಳನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ. ಓದುವವರಲ್ಲಿ ಜಾಸ್ತಿ ಜನ ಮಕ್ಕಳ ಮನೆಗೆ ಬಂದು ಉಳಿದಿರುವ ಅಪ್ಪ-ಅಮ್ಮಂದಿರು. ಪಕ್ಕದ ಮನೆಯವರ ಕಾರಿನ ಹಿಂದೆ ಅಂಟಿಸಿದ ಹಳದಿ ರಿಬ್ಬನ್ ಏನು, ಅಂಗಡಿ ಬಾಗಿಲಲ್ಲಿ ಬಂದೂಕಿನ ಚಿತ್ರಕ್ಕೆ ಅಡ್ಡಗೆರೆ ಯಾಕೆ, ಒಂದೇ ಸುದ್ದಿ ಎರಡು ಚಾನೆಲ್‌ನಲ್ಲಿ ಎರಡು ಥರ ಯಾಕೆ ಅಂತ ಕೇಳುತ್ತಾರೆ. ಅವರಿಗೆ ಸರಿಯಾಗಿ ಹೇಳಬೇಕು ಅನ್ನುವುದು ನನ್ನ ಆಸೆ.

ಈ ವಿಷಯಗಳಿಗೆ ಕನ್ನಡದಲ್ಲಿ ಪದಗಳು ಇಲ್ಲವೆಂದಲ್ಲ. ಇವೆ. ಆದರೆ ಅವನ್ನು ಹಾಕಿದ ಕೂಡಲೇ ವಾಕ್ಯ ಒಂದು ಕಡೆಗೆ ವಾಲಿಬಿಡುತ್ತದೆ. ಇಲ್ಲಿ ವಾದ ಮಾಡುತ್ತಿರುವ ಎರಡೂ ಕಡೆಯವರು ಓದಿ “ಹೌದು, ನಾವು ಹೇಳೋದು ಇದನ್ನೇ” ಅನ್ನುವಂಥ ಕನ್ನಡ ನನಗೆ ಬೇಕು.

ಮೊದಲು ಬಂದೂಕು. ನಮ್ಮ ಪತ್ರಿಕೆಗಳಲ್ಲಿ ರೂಢಿಯಲ್ಲಿರುವುದು ‘ಬಂದೂಕು ನಿಯಂತ್ರಣ’. ಕನ್ನಡದಲ್ಲಿ ‘ನಿಯಂತ್ರಣ’ ಯಾವುದರ ಜೊತೆ ಬರುತ್ತದೆ ನೋಡಿ. ಮಾಲಿನ್ಯ ನಿಯಂತ್ರಣ, ಸೊಳ್ಳೆ ನಿಯಂತ್ರಣ, ರೋಗ ನಿಯಂತ್ರಣ. ಎಲ್ಲವೂ ಕಡಿಮೆಯಾದಷ್ಟು ಒಳ್ಳೆಯದು ಅನ್ನುವಂಥವು. ಹಾಗಾಗಿ ‘ಬಂದೂಕು ನಿಯಂತ್ರಣಕ್ಕೆ ವಿರೋಧ’ ಎಂದು ಬರೆದರೆ, ವಿರೋಧಿಸಿದವರು ಕೆಟ್ಟದ್ದನ್ನೇ ಬಯಸುವವರು ಎಂದು ಓದುಗರು ತಿಳಿಯುತ್ತಾರೆ. ‘ಬಂದೂಕು ಹಾವಳಿಗೆ ಕಡಿವಾಣ’ ಎಂದರಂತೂ ತೀರ್ಪು ಆಗಲೇ ಕೊಟ್ಟಾಯಿತು. ಇನ್ನೊಂದು ಕಡೆಯ ಪದವನ್ನು ಎತ್ತಿಕೊಂಡು ‘ಬಂದೂಕು ಹಕ್ಕಿಗೆ ಧಕ್ಕೆ’ ಎಂದು ಬರೆದರೂ ಅಷ್ಟೇ. ಹಕ್ಕಿಗೆ ಧಕ್ಕೆ ಬರಲಿ ಎಂದು ಯಾರು ತಾನೇ ಹೇಳುತ್ತಾರೆ?

ಈ ತಕರಾರು ಇಂಗ್ಲಿಷಿನಲ್ಲೂ ಇದೆ. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿತು. ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಅವರ ತಲೆಗೆ ಪೆಟ್ಟಾಯಿತು. ಮುಂದೆ ಅವರ ಪತ್ನಿ ಸಾರಾ ಬ್ರೇಡಿ ‘ಹ್ಯಾಂಡ್‌ಗನ್ ಕಂಟ್ರೋಲ್’ ಎಂಬ ಸಂಸ್ಥೆಯ ಮುಂದಾಳಾದರು. ಬಂದೂಕು ಕೊಳ್ಳುವವರ ಹಿನ್ನೆಲೆ ನೋಡಬೇಕೆಂಬ ಬ್ರೇಡಿ ಕಾನೂನು 1993ರಲ್ಲಿ ಬಂತು. 2001ರಲ್ಲಿ ಆ ಸಂಸ್ಥೆಯೇ ತನ್ನ ಹೆಸರಿನಿಂದ ‘ಕಂಟ್ರೋಲ್’ ತೆಗೆದು, ಬಂದೂಕಿನ ಹಿಂಸೆ ತಡೆಯುವ ಬ್ರೇಡಿ ಅಭಿಯಾನ ಎಂಬರ್ಥದ ಹೆಸರು ಇಟ್ಟುಕೊಂಡಿತು. ಈಗ ಕಾನೂನು ಬಿಗಿಯಾಗಲಿ ಅನ್ನುವವರು ‘ಗನ್ ಸೇಫ್ಟಿ’ (ಬಂದೂಕು ಸುರಕ್ಷತೆ) ಅನ್ನುತ್ತಾರೆ. ಬೇಡ ಅನ್ನುವವರು ‘ಗನ್ ರೈಟ್ಸ್’ (ಬಂದೂಕು ಹಕ್ಕು) ಅನ್ನುತ್ತಾರೆ. ‘ಕಂಟ್ರೋಲ್’ ಎಂಬುದನ್ನು ಈಗ ಜಾಸ್ತಿ ಬಳಸುವವರು ಅದನ್ನು ಬೇಡ ಅನ್ನುವವರು!

‘ಅಸಾಲ್ಟ್ ವೆಪನ್’ (ದಾಳಿಯ ಆಯುಧ) ಎಂಬುದರ ಕಥೆಯೂ ಹೀಗೆಯೇ. 1994ರಿಂದ 2004ರವರೆಗೆ ಇಂಥ ಬಂದೂಕುಗಳ ಹೊಸ ಮಾರಾಟಕ್ಕೆ ದೇಶದಲ್ಲೆಲ್ಲ ತಡೆ ಇತ್ತು. ಆ ಕಾನೂನಿನಲ್ಲೇ ಈ ಪದ ಇತ್ತು. ಬಂದೂಕು ತಯಾರಿಸುವವರು ಇದೇ ಬಂದೂಕಿಗೆ ‘ಆಧುನಿಕ ಕ್ರೀಡಾ ರೈಫಲ್’ ಎಂಬ ಹೆಸರು ಕೊಟ್ಟಿದ್ದಾರೆ. ಎರಡೂ ಹೆಸರು ವಾದದ ಒಳಗಿನವು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2022ರಲ್ಲಿ ತನ್ನ ಬರಹಗಾರರಿಗೆ ‘ಅಸಾಲ್ಟ್’ ಪದ ಬಿಡಿ, ‘ಸೆಮಿ ಆಟೊಮ್ಯಾಟಿಕ್ ರೈಫಲ್’ ಎಂದು ಬರೆಯಿರಿ ಎಂದಿತು. ನಮ್ಮಲ್ಲಿ ಇದನ್ನು ಕೆಲವೊಮ್ಮೆ ‘ಮಷಿನ್ ಗನ್’ ಎಂದೇ ಬರೆಯುತ್ತಾರೆ. ಅದು ಬೇರೆಯೇ ವಸ್ತು. ಸೆಮಿ ಆಟೊಮ್ಯಾಟಿಕ್‌ನಲ್ಲಿ ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು ಹಾರುತ್ತದೆ, ಮುಂದಿನದು ತಾನಾಗಿ ಕೂರುತ್ತದೆ. ಇಂಥ ಬಂದೂಕುಗಳಲ್ಲಿ ಹೆಸರಾದ ಎಆರ್-15ರಲ್ಲಿರುವ ಎಆರ್ ಅಂದರೆ ಮೊದಲು ತಯಾರಿಸಿದ ಆರ್ಮಲೈಟ್ ಕಂಪನಿಯ ಹೆಸರಿನಿಂದ ಬಂದದ್ದು, ‘ಅಸಾಲ್ಟ್ ರೈಫಲ್’ ಅಲ್ಲ.

ನನಗೆ ಸದ್ಯಕ್ಕೆ ಹಿಡಿಸಿರುವುದು ‘ಬಂದೂಕು ಕಾನೂನು’. ‘ಬಂದೂಕು ಕಾನೂನು ಬಿಗಿಯಾಗಬೇಕು ಅನ್ನುವವರು’, ‘ಸಡಿಲ ಇರಲಿ ಅನ್ನುವವರು’ ಎಂದು ಬರೆದರೆ ಎರಡೂ ಕಡೆಯವರಿಗೆ ಒಪ್ಪಿಗೆಯಾಗಬಹುದು. ಅದಕ್ಕಿಂತ ಒಳ್ಳೆಯದು, ಕಾನೂನು ಏನು ಮಾಡುತ್ತದೆಂದು ನೇರವಾಗಿ ಹೇಳುವುದು. ಟೆಕ್ಸಾಸಿನ ಉವಾಲ್ಡೆ ಊರಿನ ಶಾಲೆಯಲ್ಲಿ ಮಕ್ಕಳ ಹತ್ಯೆಯಾದ ಮೇಲೆ 2022ರಲ್ಲಿ ಬಂದ ಕಾನೂನು, 21 ವರ್ಷದೊಳಗಿನವರು ಬಂದೂಕು ಕೊಳ್ಳುವಾಗ ಇನ್ನೂ ಹೆಚ್ಚಿನ ವಿಚಾರಣೆ ಆಗಬೇಕು ಎನ್ನುತ್ತದೆ. ಹಾಗೆ ಬರೆದರೆ ‘ನಿಯಂತ್ರಣ’ವೂ ಬೇಡ, ‘ಧಕ್ಕೆ’ಯೂ ಬೇಡ.

‘ಬಂದೂಕು’ ಬೇಕೋ ‘ಕೋವಿ’ ಬೇಕೋ ಅನ್ನುವುದೂ ಸಣ್ಣ ಮಾತಲ್ಲ. ಕೋವಿ ನಮ್ಮದೇ ಪದ. ಕೊಳವೆ, ನಳಿಗೆ ಅನ್ನುವ ಅರ್ಥ ಅದಕ್ಕಿದೆ. ಬಂದೂಕು ಅರಬ್ಬಿಯಿಂದ ಪಾರಸಿ, ಹಿಂದೂಸ್ತಾನಿ ದಾಟಿ ಬಂದದ್ದು. ನಮ್ಮ ಕಡೆ ಮನೆಯಲ್ಲಿ ಇರುವುದು ಕೋವಿ, ಪೊಲೀಸರ ಹೆಗಲ ಮೇಲೆ ಇರುವುದು ಬಂದೂಕು. ಬೆಳೆ ರಕ್ಷಣೆಯ ಕೋವಿ, ಆತ್ಮರಕ್ಷಣೆಯ ಕೋವಿ, ಜೋಡಿ ನಳಿಗೆ ಕೋವಿ. ಚುನಾವಣೆ ಬಂತೆಂದರೆ ‘ಕೋವಿ ಠೇವಣಿ’. ತೋಟಕ್ಕೆ ಮಂಗ, ಹಂದಿ ನುಗ್ಗುವ ಕಾಲದಲ್ಲೇ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಲ್ಲ ಎಂದು ರೈತರು ಪ್ರತಿ ಸಲ ವಿನಾಯಿತಿ ಕೇಳುತ್ತಾರೆ. ಟೆಕ್ಸಾಸಿನ ಹಳ್ಳಿಯವನು ತನ್ನ ರೈಫಲ್ ಬಗ್ಗೆ ಮಾತಾಡುವಾಗ ನನಗೆ ಈ ಕೋವಿಯ ದನಿಯೇ ಕೇಳುತ್ತದೆ. ಶಾಲೆಯಲ್ಲಿ ಗುಂಡು ಹಾರಿದ ಸುದ್ದಿಯಲ್ಲಿ ಅದೇ ವಸ್ತುವನ್ನು ಕೋವಿ ಎಂದು ಬರೆಯಲು ಮನಸ್ಸು ಬರುವುದಿಲ್ಲ. ಹಾಗಂತ ಒಂದೇ ವಸ್ತುವಿಗೆ ಎರಡು ಹೆಸರು ಕೊಟ್ಟರೆ ನಾನೇ ಪಕ್ಷ ವಹಿಸಿದಂತಾಗುತ್ತದೆ. ಎಲ್ಲ ಕಡೆ ‘ಬಂದೂಕು’ ಎಂದೇ ಇಟ್ಟುಕೊಳ್ಳೋಣ ಅನಿಸುತ್ತಿದೆ. ನೀವೇನಂತೀರಿ?

ಇನ್ನು ನಿಜಕ್ಕೂ ಕಷ್ಟದ ಜಾಗ. ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ. 1791ರದ್ದು, ಇಂಗ್ಲಿಷಿನಲ್ಲಿ ಬರೀ 27 ಪದ. ಶಿಸ್ತಿನ ಜನಪಡೆಯೊಂದು ಸ್ವತಂತ್ರ ರಾಜ್ಯದ ಭದ್ರತೆಗೆ ಬೇಕಾದ್ದರಿಂದ, ಆಯುಧ ‘ಕೀಪ್’ ಮಾಡುವ ಮತ್ತು ‘ಬೇರ್’ ಮಾಡುವ ಜನರ ಹಕ್ಕಿಗೆ ಅಡ್ಡಿ ಮಾಡಬಾರದು ಎಂಬುದು ಅದರ ಸಾರ. ‘ಬೇರ್ ಆರ್ಮ್ಸ್’ ಅಂದರೇನು? 2008ರ ಹೆಲ್ಲರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಒಡೆಯಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಅದನ್ನು ಆಯುಧವನ್ನು ಜೊತೆಗೆ ಒಯ್ಯುವುದು ಎಂದು ಓದಿದರು. ನ್ಯಾಯಮೂರ್ತಿ ಸ್ಟೀವನ್ಸ್ ಅದು ಸೈನ್ಯದ ಕೆಲಸ ಮಾಡುವುದಕ್ಕೆ ಹೇಳುವ ನುಡಿಗಟ್ಟು ಎಂದರು. ಭಾಷಾವಿಜ್ಞಾನಿಗಳೂ ಆ ಮೊಕದ್ದಮೆಯಲ್ಲಿ ತಮ್ಮ ಅಭಿಪ್ರಾಯ ಸಲ್ಲಿಸಿದ್ದರು. ಆಮೇಲೆ 18ನೇ ಶತಮಾನದ ಬರಹಗಳನ್ನು ಕಂಪ್ಯೂಟರಿನಲ್ಲಿ ಜಾಲಾಡಿದವರಿಗೆ ಈ ನುಡಿ ಬಹುಪಾಲು ಸೈನ್ಯದ ಸಂದರ್ಭದಲ್ಲೇ ಸಿಕ್ಕಿದೆ. ಆದರೂ ಕಾನೂನಾಗಿ ಉಳಿದಿರುವುದು ಬಹುಮತದ ಓದು, ಅಂದರೆ ಜನಪಡೆಯಲ್ಲಿ ಇಲ್ಲದವರಿಗೂ ಈ ಹಕ್ಕು ಇದೆ ಎಂಬುದು.

ಕನ್ನಡದಲ್ಲಿ ಇದನ್ನು ‘ಶಸ್ತ್ರಾಸ್ತ್ರ ಹೊಂದುವ ಹಕ್ಕು’ ಎಂದು ಬರೆಯುತ್ತೇವೆ. ‘ಹೊಂದುವ’ ಎಂದ ಕೂಡಲೇ ವಾದ ಮುಗಿಯಿತು. ‘ಒಯ್ಯುವ’ ಎಂದರೂ ಅಷ್ಟೇ. ಆದರೆ ನಮ್ಮಲ್ಲಿ ‘ಹಿಡಿ’ ಇದೆಯಲ್ಲ! ಭಾರತ ಯುದ್ಧದಲ್ಲಿ ತಾನು ಶಸ್ತ್ರ ಹಿಡಿಯುವುದಿಲ್ಲ ಎಂದು ಕೃಷ್ಣ ಮಾತು ಕೊಟ್ಟ. ಕೈಯಲ್ಲಿ ಕತ್ತಿ ಮುಟ್ಟುವುದಿಲ್ಲ ಎಂಬುದಷ್ಟೇ ಅದರ ಅರ್ಥವಲ್ಲ, ಯುದ್ಧ ಮಾಡುವುದಿಲ್ಲ ಎಂದು. ಹಾಗೆಯೇ ‘ಆಯುಧ ಹಿಡಿದು ಓಡಾಡುತ್ತಿದ್ದ’ ಎಂದರೆ ಸುಮ್ನೆ ಕೈಯಲ್ಲಿತ್ತು ಎಂದೂ ಆಗುತ್ತದೆ. ಇಂಗ್ಲಿಷಿನ ಪದದಲ್ಲಿ ಕೋರ್ಟು ಯಾವ ಎರಡು ಅರ್ಥಗಳನ್ನು ಕಂಡಿತೋ ಆ ಎರಡೂ ನಮ್ಮ ‘ಹಿಡಿ’ಯಲ್ಲಿ ಇವೆ. ಹಾಗಾಗಿ ‘ಆಯುಧ ಇಟ್ಟುಕೊಳ್ಳುವ ಮತ್ತು ಹಿಡಿಯುವ ಹಕ್ಕು’ ಎಂಬುದು ನನ್ನ ಪ್ರಸ್ತಾವ. ಇದರಲ್ಲಿ ತಪ್ಪು ಕಂಡರೆ ದಯವಿಟ್ಟು ಹೇಳಿ. ನನಗೆ ಈ ಇಡೀ ಪತ್ರದಲ್ಲಿ ಮುಖ್ಯವಾದ ಪ್ರಶ್ನೆ ಇದೇ.

ಇದರ ಜೊತೆಗೇ ‘ಮಿಲಿಷಿಯಾ’. ಮೇಲೆ ‘ಜನಪಡೆ’ ಎಂದೆ. ಆದರೆ ಅದು ಪಕ್ಷದ ಕಾರ್ಯಕರ್ತರ ಹಾಗೆ ಕೇಳುತ್ತದೆ. ಇಲ್ಲಿ ನನಗೆ ಕೊಡಗು ನೆನಪಾಗುತ್ತದೆ. ಅಲ್ಲಿ ಜಮ್ಮಾ (ವಂಶಪಾರಂಪರ್ಯದ) ಜಮೀನು ಹಿಡಿದವರಿಗೆ ರಾಜರ ಕಾಲದಲ್ಲಿ ದಂಡಿಗೆ ಹೋಗುವ ಹೊಣೆ ಇತ್ತು. ಬ್ರಿಟಿಷರು 1861ರಲ್ಲಿ ಕೊಡಗಿನವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟರು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ‘ಜಮ್ಮಾ ಕೋವಿ’ ಎಂಬ ಮಾತು ಹೀಗೆ ಬಂತು. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವ ಮನೆಗಳು ಅವು. ನೆಲ, ಆಯುಧ, ನಾಡಿನ ಕಾವಲು, ಈ ಮೂರೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡಿರುವುದು ಅಲ್ಲಿ ಕಾಣುತ್ತದೆ. ಅಮೆರಿಕದ ವಾದ ಇರುವುದು ಆ ಎಳೆಗಳನ್ನು ಬಿಡಿಸಬಹುದೋ ಇಲ್ಲವೋ ಎಂಬುದರ ಮೇಲೆ.

ಸೈನಿಕರ ವಿಷಯಕ್ಕೆ ಬರುತ್ತೇನೆ. ‘ಸಪೋರ್ಟ್ ದ ಟ್ರೂಪ್ಸ್’ ಎಂಬುದನ್ನು ‘ಸೈನಿಕರನ್ನು ಬೆಂಬಲಿಸಿ’ ಎಂದರೆ ಮತ ಕೇಳುವ ಕರಪತ್ರದ ಹಾಗಿರುತ್ತದೆ. ಈ ಮಾತಿನ ಹಿಂದೆ ವಿಯೆಟ್ನಾಂ ಇದೆ. ಆ ಯುದ್ಧದ ಮೇಲಿನ ಸಿಟ್ಟು ಸೈನಿಕರ ಮೇಲೂ ಹೊರಳಿತು ಎಂಬ ನೋವು ಇಲ್ಲಿ ಬಹಳ ಜನಕ್ಕಿದೆ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಸೈನಿಕರು ಕ್ಷೇಮವಾಗಿ ಮರಳಲಿ ಎಂಬ ಗುರುತಾಗಿ ಮನೆಮನೆಯ ಮುಂದೆ ಹಳದಿ ರಿಬ್ಬನ್ ಬಂದವು. 2003ರ ಇರಾಕ್ ಯುದ್ಧವನ್ನು ವಿರೋಧಿಸಿದವರೂ “ಯುದ್ಧ ಬೇಡ, ಆದರೆ ನಮ್ಮ ಹುಡುಗರ ಜೊತೆ ಇದ್ದೇವೆ” ಎಂದರು. ಯುದ್ಧಕ್ಕೆ ಹೌದು ಅನ್ನುವವನೂ ಅಲ್ಲ ಅನ್ನುವವನೂ ಒಂದೇ ಮಾತನ್ನು ಹೇಳುತ್ತಾನೆ. ಹಾಗಾಗಿ ‘ಸೈನಿಕರ ಜೊತೆಗಿದ್ದೇವೆ’ ಎಂಬುದು ಸರಿ ಅನಿಸುತ್ತದೆ. ‘ಜವಾನ’ ಬೇಡ, ಕನ್ನಡದಲ್ಲಿ ಅದು ಆಫೀಸಿನಲ್ಲಿ ಕಡತ ಒಯ್ಯುವವರ ಹೆಸರಾಗಿದೆ. ‘ಯೋಧ’ ಗೌರವದ ಪದ, ಸುದ್ದಿಗೆ ‘ಸೈನಿಕ’ ಸಾಕು. ‘ವೆಟರನ್’ಗೆ ‘ಮಾಜಿ ಸೈನಿಕ’ ಆಗಲೇ ಇದೆ.

ಸತ್ತ ಸೈನಿಕರಿಗೆ ಏನನ್ನಬೇಕು? ಕನ್ನಡ ಸುದ್ದಿಯಲ್ಲಿ ಕೈ ತಾನಾಗಿ ‘ಹುತಾತ್ಮ’ ಎಂದು ಬರೆಯುತ್ತದೆ. ತನ್ನನ್ನೇ ಆಹುತಿ ಕೊಟ್ಟವನು ಎಂದರ್ಥ. ನಮ್ಮ ಸೈನ್ಯವೇ 2022ರಲ್ಲಿ ‘ಮಾರ್ಟರ್’ ಎಂಬ ಪದ ಬಳಸಬೇಡಿ ಎಂದು ತನ್ನವರಿಗೆ ಪತ್ರ ಬರೆದಿತ್ತು. ಧರ್ಮಕ್ಕಾಗಿ ಸಾಯುವವರಿಗೆ ಆ ಪದ ಹುಟ್ಟಿದ್ದು, ಸೈನಿಕ ಸಾಯುವುದು ಕರ್ತವ್ಯದಲ್ಲಿ. ಅಮೆರಿಕದ ಸುದ್ದಿಯಲ್ಲಿ ‘ಹುತಾತ್ಮ’ ಹಾಕಿದರೆ ಆ ಯುದ್ಧವೇ ಪವಿತ್ರ ಎಂದು ನಾನು ಹೇಳಿದಂತಾಗುತ್ತದೆ. ನಮ್ಮ ಹಳೆಯ ಕಲ್ಲುಗಳು ಎಷ್ಟು ನೇರವಾಗಿವೆ ನೋಡಿ. ಬೇಗೂರಿನ ಸುಮಾರು 890ರ ಶಾಸನ, ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ‘ಸತ್ತಂ’ ಎನ್ನುತ್ತದೆ. ವೀರಗಲ್ಲುಗಳಲ್ಲಿ ‘ಕಾದಿ ಸತ್ತ’ ಎಂಬ ಮಾತು ಎಷ್ಟು ಸಲ ಬರುತ್ತದೆ! ಆ ಜನಕ್ಕೆ ಸೈನಿಕರ ಮೇಲೆ ಗೌರವ ಕಡಿಮೆಯಿತ್ತೇ? ಸತ್ತವನ ಮನೆಯವರಿಗೆ ನೆಲ ಕೊಡುತ್ತಿದ್ದರು, ಅದಕ್ಕೆ ನೆತ್ತರುಗೊಡಗೆ ಎಂದು ಹೆಸರಿತ್ತು. ಇವತ್ತಿನ ಕಿವಿಗೆ ‘ಸತ್ತ’ ಒರಟು. ‘ಕಾಳಗದಲ್ಲಿ ಮಡಿದ’ ಎಂದರೆ ಗೌರವವೂ ಇದೆ, ತೀರ್ಪೂ ಇಲ್ಲ. ನಾನಂತೂ ಇನ್ನು ಮುಂದೆ ಅದನ್ನೇ ಬರೆಯುತ್ತೇನೆ.

ಕೊನೆಯದು ‘ಮೀಡಿಯಾ ಬಯಾಸ್’. ‘ಪಕ್ಷಪಾತ’ ಎಂದರೆ ನಮ್ಮ ಓದುಗರಿಗೆ ರಾಜಕೀಯ ಪಕ್ಷವೇ ಕಣ್ಣಿಗೆ ಕಟ್ಟುತ್ತದೆ, ಯಾರೋ ದುಡ್ಡು ಕೊಟ್ಟು ಬರೆಸಿದಂತೆ. ‘ಪೂರ್ವಗ್ರಹ’ ಎಂದರೆ ಜಾತಿ, ಬಣ್ಣದ ಮೇಲಿನ ಅಸಹನೆಯ ಕಡೆಗೆ ಮನಸ್ಸು ಹೋಗುತ್ತದೆ. ಬರೆದವನಿಗೇ ಗೊತ್ತಿಲ್ಲದೆ ಸುದ್ದಿ ಒಂದು ಕಡೆಗೆ ಜಾರುವುದಕ್ಕೆ ‘ವಾಲಿಕೆ’ ಸರಿಹೋಗಬಹುದೇ? ‘ಒಲವು’ ಸ್ವಲ್ಪ ಮೃದುವಾಯಿತು.

ಅದಕ್ಕಿಂತ ಬೇಕಾದದ್ದು, ವಾಲಿದೆ ಎಂದು ಓದುಗರಿಗೆ *ಕಾಣುವುದಕ್ಕೆ* ಒಂದು ಮಾತು. ಗ್ಯಾಲಪ್ ಸಮೀಕ್ಷೆಯಲ್ಲಿ 1976ರಲ್ಲಿ ಶೇ 72ರಷ್ಟು ಅಮೆರಿಕನ್ನರು ಸುದ್ದಿ ಮಾಧ್ಯಮದ ಮೇಲೆ ನಂಬಿಕೆ ಇದೆ ಎಂದಿದ್ದರು. 2024ರಲ್ಲಿ ಅದು ಶೇ 31. ಇದನ್ನು ‘ಮಾಧ್ಯಮ ಪಕ್ಷಪಾತಿ ಎಂದ ಜನ’ ಎಂದು ಬರೆಯುವುದು ತಪ್ಪು. ಅಲ್ಲಿ ಕೇಳಿದ್ದು ನಂಬಿಕೆಯ ಪ್ರಶ್ನೆ. 1985ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್‌ನ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. 1982ರಲ್ಲಿ ಲೆಬನಾನಿನ ಬೈರೂತ್‌ನಲ್ಲಿ ನಡೆದ ಪ್ಯಾಲೆಸ್ಟೀನ್ ನಿರಾಶ್ರಿತರ ಹತ್ಯಾಕಾಂಡದ ಬಗ್ಗೆ ಬಂದ ಅವೇ ಟಿವಿ ಸುದ್ದಿಗಳನ್ನು ಇಸ್ರೇಲ್ ಪರ ಇದ್ದವರಿಗೂ ಅರಬ್ಬರ ಪರ ಇದ್ದವರಿಗೂ ತೋರಿಸಿದರು. ಸುದ್ದಿ ನಮಗೆ ವಿರುದ್ಧವಾಗಿದೆ ಎಂದು ಎರಡೂ ಗುಂಪಿಗೆ ಅನಿಸಿತು. ಹಾಗಂತ ಎಲ್ಲ ದೂರೂ ಸುಳ್ಳು ಎಂದಲ್ಲ. ಬಂದೂಕಿನ ಪದಗಳನ್ನೇ ಮೇಲೆ ನೋಡಿದೆವಲ್ಲ, ಅಲ್ಲಿ ದೂರುವವರಿಗೆ ಆಧಾರವಿದೆ. ಅದಕ್ಕೇ ನನಗೆ ಎರಡು ಬೇರೆ ಬೇರೆ ಮಾತು ಬೇಕು. ವಾಲಿರುವುದಕ್ಕೆ ಒಂದು, ವಾಲಿದಂತೆ ತೋರುವುದಕ್ಕೆ ಒಂದು. ‘ವಾಲಿಕೆಯ ಗುಮಾನಿ’ ಎನ್ನಬಹುದೇ?

ಪತ್ರಿಕೆಗಳ ಡೆಸ್ಕಿನಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿ ಇದ್ದೀರಿ. ನಿಮ್ಮಲ್ಲಿ ಬಂದೂಕಿನ ಸುದ್ದಿಗೆ ಏನಾದರೂ ರೂಢಿಯ ಪಟ್ಟಿ ಇತ್ತೇ, ತಿಳಿಸಿ. ಕೊಡಗಿನವರಲ್ಲಿ ಇನ್ನೊಂದು ವಿನಂತಿ. ಜಮ್ಮಾ ಹಿಡಿದು ದಂಡಿಗೆ ಹೋಗುತ್ತಿದ್ದವರ ಗುಂಪಿಗೆ ಹಳೆಯ ಕಾಗದಗಳಲ್ಲಿ ಅಥವಾ ಹಿರಿಯರ ಬಾಯಲ್ಲಿ ಏನು ಹೆಸರಿತ್ತು? ‘ನಾಡಪಡೆ’ ಎಂದರೆ ನಿಮ್ಮ ಕಿವಿಗೆ ಸರಿ ಕೇಳುತ್ತದೆಯೇ? ತಿಂಗಳ ಕೊನೆಗೆ ಪತ್ರಿಕೆ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬರೆದರೆ ಉಪಕಾರವಾಗುತ್ತದೆ.