ದೊಡ್ಡಪ್ಪನ ಟ್ರಂಕಿನಲ್ಲಿ ಸಿಕ್ಕ ಆಟದ ನೋಟು, ರಾಮಟಂಕಿ: ಏನು ಮಾಡಲಿ?

ಗುಬ್ಬಿಯವಳು:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹೋದ ವರ್ಷ ತೀರಿಕೊಂಡರು. ಮಕ್ಕಳಿಲ್ಲ. ಅವರ ಕಬ್ಬಿಣದ ಟ್ರಂಕನ್ನು ದೊಡ್ಡಮ್ಮ ನನ್ನ ಮುಂದೆ ತಂದಿಟ್ಟು, "ನೀನೇ ಏನಾದ್ರೂ ಮಾಡ್ಕೋ ಮಗಳೇ, ನನ್ ಕೈಲಿ ನೋಡೋಕಾಗಲ್ಲ" ಅಂದರು. ಒಳಗೆ ಫೋಟೋ ಆಲ್ಬಮ್ಮಿನ ತುಂಬ ದುಡ್ಡು. ಅಂಗಡಿಯಲ್ಲಿ ನಡೆಯುವಂಥದ್ದು ಒಂದೂ ಇಲ್ಲ.

ಹೆಚ್ಚಿನವು 'ಚಿಲ್ಡ್ರನ್ ಬ್ಯಾಂಕ್' ಅಂತ ಅಚ್ಚಾದ ಮಕ್ಕಳ ಆಟದ ನೋಟು. ಒಂದೊಂದರ ಹಿಂದೆಯೂ ನೀಲಿ ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ. ಒಂದರಲ್ಲಿ ಹೀಗಿದೆ: "ತುಮಕೂರು–ತಿಪಟೂರು, ಲಾಸ್ಟ್ ಟ್ರಿಪ್, ಮಳೆ, ಒಳಗೆ ಲೈಟ್ ಇಲ್ಲ. ಚಿಲ್ರೆ ಕೊಟ್ಟಿದ್ದು 82." ಕತ್ತಲಲ್ಲಿ ಯಾರೋ ಮಡಚಿ ಕೊಟ್ಟ ಆಟದ ನೋಟಿಗೆ ಟಿಕೆಟ್ ಹರಿದು, ಚಿಲ್ಲರೆ ಎಣಿಸಿ ಕೊಟ್ಟು, ಆಮೇಲೆ ಜೇಬಿನಿಂದ ಕಟ್ಟಿದ್ದಾರೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಉಳಿದದ್ದು: ಕನ್ನಡದ ಒಂದು ಶೂನ್ಯ ರೂಪಾಯಿ ನೋಟು, ಚಿನ್ನದ ಬಣ್ಣದ ಹಾಳೆಯ 2000ದ ನೋಟು, ರದ್ದಾದ ಹಳೇ 500, 1000ದವು ಸೇರಿ 14, ಒಂದು ಕಡೆ ರಾಮ ಸೀತೆ, ಇನ್ನೊಂದು ಕಡೆ 'ಈಸ್ಟ್ ಇಂಡಿಯಾ ಕಂಪನಿ 1818' ಅಂತಿರುವ ತಾಮ್ರದ ಬಿಲ್ಲೆ, ಆಮೇಲೆ ಹಸಿರು ಕಿಲುಬು ಹಿಡಿದ ಆನೆ ಚಿತ್ರದ ಸಣ್ಣ ನಾಣ್ಯ.

ರಾಮನ ಬಿಲ್ಲೆಯ ಫೋಟೋವನ್ನು ಚಿಕ್ಕಪ್ಪನ ಮಗ ಎಲ್ಲೋ ಹಾಕಿದ್ದಾನೆ. ಈಗ ಒಬ್ಬರು ದಿನಾ ಫೋನ್ ಮಾಡಿ, "ಅದು ಅಕ್ಕಿ ಎಳೆಯುತ್ತಾ ನೋಡಿ, 9 ಲಕ್ಷ ಕೊಡ್ತೀವಿ, ಮೊದಲು ನೋಂದಣಿಗೆ 6,500 ಕಳಿಸಿ" ಅಂತಾರೆ. ಚಿಕ್ಕಪ್ಪ ಎಲ್ಲಾ ಗುಬ್ಬಿಯಪ್ಪನ ಹುಂಡಿಗೆ ಹಾಕಿಬಿಡು ಅಂತಾರೆ. ನ್ಯೂಜೆರ್ಸಿಯಲ್ಲಿರುವ ನಮ್ಮಣ್ಣನಿಗೆ ಆನೆ ನಾಣ್ಯ ಬೇಕಂತೆ. ನನಗೆ ದಿಕ್ಕೇ ತೋಚುತ್ತಿಲ್ಲ.

ಹಳೇ ಕಾಸು, ಬಸವನಗುಡಿ:

ಮೇಡಂ, ಮೊದಲು ಆ ಫೋನಿನವರ ನಂಬರ್ ಬ್ಲಾಕ್ ಮಾಡಿ. ಒಂದು ರೂಪಾಯಿಯನ್ನೂ ಕಳಿಸಬೇಡಿ. ಹಳೇ ನೋಟು, ನಾಣ್ಯ ಕೊಳ್ಳುವ ಮಾರುವ ವ್ಯವಹಾರ ನಮ್ಮದಲ್ಲ, ಅದಕ್ಕೆ ಶುಲ್ಕ, ಕಮಿಷನ್ ಕೇಳುವುದೂ ಇಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಕೊಟ್ಟಿದೆ. ನಾಣ್ಯಕ್ಕೆ ಅಕ್ಕಿಕಾಳನ್ನು ಸೆಳೆಯುವ ಶಕ್ತಿ ಇದೆ ಅಂತ ನಂಬಿಸುವ ಈ ಅಕ್ಕಿ ಎಳೆಯುವ ಆಟ ಇನ್ನೂ ಹಳೇ ಮೋಸ. ಅಕ್ಕಿಗೆ ಕಬ್ಬಿಣದ ಪುಡಿ ಮೆತ್ತಿರುತ್ತಾರೆ, ಬಿಲ್ಲೆಗೆ ಅಯಸ್ಕಾಂತ ಅಂಟಿಸಿರುತ್ತಾರೆ. ಇದನ್ನು ನಂಬಿ ಹೊಲ ಮಾರಿದವರು ನನ್ನ ಕಣ್ಣ ಮುಂದೆಯೇ ಇದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ರಾಮನ ಬಿಲ್ಲೆ ನಾಣ್ಯವಲ್ಲ, ರಾಮಟಂಕಿ ಅನ್ನುವ ದೇವರ ಚಿತ್ರದ ಬಿಲ್ಲೆ. ದೇವಸ್ಥಾನದ ಬೀದಿಗಳಲ್ಲಿ ಮಾರುತ್ತಿದ್ದದ್ದು. 1616, 1717, 1818 ಅಂತ ಜೋಡಿ ಅಂಕಿಯ ಇಸವಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಕಂಪನಿಯವರು ಮದ್ರಾಸಿನಲ್ಲಿ ಒಂದು ಕಡೆ ಗೋಪುರ, ಇನ್ನೊಂದು ಕಡೆ ವಿಷ್ಣು ಇರುವ ನಾಣ್ಯ ಹೊಡೆಸಿದ್ದು ನಿಜ. ಆದರೆ ರಾಮದರ್ಬಾರಿನ ಆಣೆ ಎಲ್ಲೂ ಹೊಡೆಸಿಲ್ಲ. ಚಿನ್ನದ ಹಾಳೆಯದ್ದು ಬರೀ ಉಡುಗೊರೆ ಅಂಗಡಿಯ ಸಾಮಾನು.

ಶೂನ್ಯ ರೂಪಾಯಿ ನೋಟು ಚೆನ್ನೈನ ಫಿಫ್ತ್ ಪಿಲ್ಲರ್ ಸಂಸ್ಥೆ 2007ರಿಂದ ಹಂಚಿದ್ದು. ಲಂಚ ಕೇಳಿದವರ ಕೈಗೆ ಕೊಡಲಿ ಅಂತಲೇ ಹಳೇ 50ರ ನೋಟಿನ ಹೋಲಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಜೋಪಾನ ಮಾಡಿ. ರದ್ದಾದ ನೋಟುಗಳಿಗೆ 2017ರ ಕಾಯ್ದೆ ಇದೆ: ಸುಮ್ಮನೆ ಇಟ್ಟುಕೊಳ್ಳುವುದಾದರೆ ಒಟ್ಟು 10, ಅಧ್ಯಯನಕ್ಕೋ ನಾಣ್ಯಸಂಗ್ರಹಕ್ಕೋ ಆದರೆ 25. ಮೀರಿದರೆ ದಂಡ 10,000 ಅಥವಾ ಆ ನೋಟುಗಳ ಮುಖಬೆಲೆಯ ಐದು ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೂ ಹೋಗಬಹುದು. ನಾನಾಗಿದ್ದರೆ ಹತ್ತಕ್ಕೆ ಇಳಿಸಿ, ಮಿಕ್ಕದ್ದು ಹರಿದು ಹಾಕುತ್ತಿದ್ದೆ.

ಆನೆಯದ್ದು ಮಾತ್ರ ನಿಜವಾದ ನಾಣ್ಯ ಇರಬಹುದು. ಆನೆಯ ಮೇಲೆ ಸೂರ್ಯ ಚಂದ್ರರ ನಡುವೆ 'ಶ್ರೀ', ಹಿಂದೆ ಕನ್ನಡದಲ್ಲಿ 'ಕಾಸು' ಅಂತ ಇದೆಯಾ ನೋಡಿ. ಇದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಅವರ ಟಂಕಸಾಲೆ 1843ಕ್ಕೆ ನಿಂತುಹೋಯಿತು. ದಮ್ಮಯ್ಯ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ಬೆಲೆ ನೂರರ ಲೆಕ್ಕದಲ್ಲಿ ಬಂದೀತು, ಲಕ್ಷದ ಮಾತಲ್ಲ. ಅಣ್ಣನಿಗೂ ಕಳಿಸಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ದೇಶದಿಂದ ಆಚೆ ಒಯ್ಯುವ ಹಾಗಿಲ್ಲ.

ಹಾಸನದ ಅಜ್ಜಿಮನೆ:

ರಾಮಟಂಕಿಯನ್ನು ಹಾಗೆ ತಳ್ಳಿಹಾಕಬೇಡಿ ಸರ್. ನಮ್ಮಜ್ಜಿ ಅದನ್ನು ದೇವರ ಪೆಟ್ಟಿಗೆಯಲ್ಲಿಟ್ಟು ಶ್ರೀರಾಮನವಮಿಗೆ ಹಾಲಲ್ಲಿ ತೊಳೆದು ಪೂಜೆ ಮಾಡುತ್ತಿದ್ದರು. ಪೂಜೆಗೆ ಇಸವಿ ಯಾಕೆ ಬೇಕು?

ಹಳೇ ಕಾಸು, ಬಸವನಗುಡಿ:

ಒಪ್ಪುತ್ತೇನಮ್ಮ. ಪೂಜೆಗೆ ಇಡಲಿ. ಕಂಪನಿ ನಾಣ್ಯ ಅಂತ ಮಾರುವುದು ಬೇಡ ಅಂದೆ ಅಷ್ಟೆ.

ರಿಟೈರ್ಡ್ ಕಂಡಕ್ಟರ್:

ತಂಗಿ, ನಾನೂ ಅದೇ ಚೀಲ ಹೊತ್ತವನು. ವೇಬಿಲ್ಲಿಗೆ, ಅಂದರೆ ಟಿಕೆಟ್ ಲೆಕ್ಕದ ಹಾಳೆಗೆ, ಒಂದು ರೂಪಾಯಿ ಕಮ್ಮಿಯಾದರೂ ನಾವೇ ಕಟ್ಟಬೇಕು, ಚೆಕಿಂಗಿನಲ್ಲಿ ಹೆಚ್ಚಿಗೆ ಸಿಕ್ಕರೂ ಉತ್ತರ ಕೊಡಬೇಕು. ತುಂಬಿದ ಗಾಡಿಯಲ್ಲಿ ಒಂದು ಕಾಲ ಮೇಲೆ ನಿಂತು, ಬೆರಳಿನ ಸಂದಿಯಲ್ಲಿ ನೋಟು ಸಿಕ್ಕಿಸಿಕೊಂಡು, ಸ್ಟಾಪ್ ಬರುವುದರೊಳಗೆ ಟಿಕೆಟ್ ಮುಗಿಸಬೇಕು. ನೋಟನ್ನು ಬಿಡಿಸಿ ನೋಡಲು ಪುರುಸೊತ್ತೆಲ್ಲಿ? 2017ರ ಫೆಬ್ರವರಿಯಲ್ಲಿ ದೆಹಲಿಯ ಸಂಗಮ್ ವಿಹಾರದ ಎಟಿಎಂ ಯಂತ್ರವೇ ಚಿಲ್ಡ್ರನ್ ಬ್ಯಾಂಕಿನ 2000ದ ನೋಟು ಉದುರಿಸಿತ್ತು. ನಮಗೂ ಬಂದಿವೆ, ನಾವು ಸಿಟ್ಟಿಗೆ ಹರಿದು ಕಿಟಕಿಯಿಂದ ಎಸೆದೆವು. ನಿಮ್ಮ ದೊಡ್ಡಪ್ಪ ಬರೆದಿಟ್ಟರು. ರೂಟು, ಟ್ರಿಪ್ಪು, ಕೈಬಿಟ್ಟ ಚಿಲ್ಲರೆ ಸಮೇತ ಹೀಗೆ ಬರೆದಿಟ್ಟ ಇನ್ನೊಬ್ಬ ಕಂಡಕ್ಟರನ್ನು ನಾನು ಕಂಡಿಲ್ಲ. ಹುಂಡಿಗೆ ಹಾಕಿದರೆ ಎಣಿಸುವವರು ಕಸಕ್ಕೆ ಹಾಕುತ್ತಾರೆ. ಅದೊಂದನ್ನು ಮಾಡಬೇಡಮ್ಮ.

ಗುಬ್ಬಿಯವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಂಬರ್ ಬ್ಲಾಕ್ ಮಾಡಿದೆ. ಆನೆ ನಾಣ್ಯದಲ್ಲಿ 'ಶ್ರೀ' ಕಾಣುತ್ತಿದೆ, ತಿಕ್ಕಿಲ್ಲ. ಅಣ್ಣನಿಗೆ ಫೋಟೋ ಸಾಕು ಅಂದೆ, ಸ್ವಲ್ಪ ಮುನಿಸಿಕೊಂಡಿದ್ದಾನೆ. ರಾಮಟಂಕಿ ದೊಡ್ಡಮ್ಮನ ದೇವರ ಮನೆಗೆ ಹೋಯಿತು. ಕಂಡಕ್ಟರ್ ಅಣ್ಣಾ, ನಿಮ್ಮ ಮಾತನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಆಟದ ನೋಟು ಒಂದನ್ನೂ ಬೇರೆ ಮಾಡುವುದಿಲ್ಲ, ಹಿಂದಿನ ಬರಹವನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೇನೆ. ಆಲ್ಬಮ್ಮಿನ ಪ್ಲಾಸ್ಟಿಕ್ ಅಂಟಂಟಾಗಿದೆ, ಲ್ಯಾಮಿನೇಶನ್ ಮಾಡಿಸಲೇ?

ಹಳೇ ಕಾಸು, ಬಸವನಗುಡಿ:

ಲ್ಯಾಮಿನೇಶನ್ ಖಂಡಿತ ಬೇಡ, ಬಿಸಿಗೆ ಶಾಯಿ ಹೋದರೆ ತಿರುಗಿ ಬರುವುದಿಲ್ಲ. ಅಂಟುವುದು ಪಿವಿಸಿ ಪ್ಲಾಸ್ಟಿಕ್. ನೋಟುಗಳನ್ನು ನಿಧಾನವಾಗಿ ಬಿಡಿಸಿ, ಅಂಗಡಿಯಲ್ಲಿ ಪಾಲಿಯೆಸ್ಟರ್ ಕವರ್ ಬೇಕು ಅಂತ ಕೇಳಿ, ಒಂದು ಕವರಿಗೆ ಒಂದೇ ನೋಟು ಹಾಕಿ. ಆನೆ ನಾಣ್ಯವನ್ನು ಬೇರೆ ಕಾಗದದ ಲಕೋಟೆಯಲ್ಲಿಡಿ.