ಟಿಬಿ ಮಾತ್ರೆ ನಡುವೆ ಕಾಮಾಲೆ: ತಪ್ಪು ಯಾವ ಮಾತ್ರೆಯದು?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 58 ವರ್ಷ. ಶ್ವಾಸಕೋಶದ ಟಿಬಿಗೆ ಮಾತ್ರೆ ಶುರುವಾಗಿ ಐದು ವಾರ ಆಯ್ತು. ಹತ್ತು ದಿನದಿಂದ ಊಟ ಸೇರುತ್ತಿಲ್ಲ, ವಾಕರಿಕೆ. ಮೊನ್ನೆ ಕಣ್ಣು ಹಳದಿ ಕಂಡಿತು. ಎಸ್‌ಜಿಪಿಟಿ 412, ಬಿಲಿರುಬಿನ್ 3.1, ಆಲ್ಕಲೈನ್ ಫಾಸ್ಫಟೇಸ್ 150. ಡಾಕ್ಟರು ಮಾತ್ರೆ ನಿಲ್ಲಿಸಿ ಇನ್ನಷ್ಟು ಪರೀಕ್ಷೆ ಬರೆದಿದ್ದಾರೆ. ಯಾವ ಮಾತ್ರೆ ಅಂತ ಹೇಳುವ ಒಂದೇ ಪರೀಕ್ಷೆ ಇಲ್ವಾ?

ಉತ್ತರ: ಇಲ್ಲಮ್ಮ, ಅದೇ ತಲೆನೋವು. ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು, ಮಾತ್ರೆ ಶುರುವಾದ ಮತ್ತು ತೊಂದರೆ ಬಂದ ತಾರೀಖು ತಾಳೆ ನೋಡಬೇಕು. ನೀರಿನಿಂದ ಬರುವ ಹೆಪಟೈಟಿಸ್ ಎ, ಇ, ರಕ್ತದಿಂದ ಬರುವ ಬಿ, ಸಿ, ಪಿತ್ತನಾಳದಲ್ಲಿ ಕಲ್ಲು. ಆ ಪರೀಕ್ಷೆಗಳು ಇವಕ್ಕೇ. ಸುಮ್ನೆ ಬರೆದದ್ದಲ್ಲ, ಮಾಡಿಸಿ.

ಈಗಿರುವ ರಿಪೋರ್ಟೇ ಸಾಕಷ್ಟು ಹೇಳುತ್ತದೆ. ಲಿವರ್ ಜೀವಕೋಶಕ್ಕೆ ಪೆಟ್ಟು ಬಿದ್ದರೆ ರಕ್ತದಲ್ಲಿ ಎಸ್‌ಜಿಪಿಟಿ ಏರುತ್ತದೆ, ಪಿತ್ತದ ಹರಿವು ತಡೆದರೆ ಆಲ್ಕಲೈನ್ ಫಾಸ್ಫಟೇಸ್. ಎಸ್‌ಜಿಪಿಟಿ ಮಿತಿ 40 ಅಂದುಕೊಂಡರೆ ಅಮ್ಮನದು ಹತ್ತು ಪಟ್ಟು. ಫಾಸ್ಫಟೇಸ್ ಮಿತಿ 120 ಆದರೆ ಅದು ಒಂದೂಕಾಲು ಪಟ್ಟು ಮಾತ್ರ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 8ರ ಮೇಲೆ ಬರುತ್ತದೆ. 5 ದಾಟಿದರೆ ಪೆಟ್ಟು ಬಿದ್ದಿರುವುದು ಲಿವರ್ ಜೀವಕೋಶಕ್ಕೆ. 2ಕ್ಕಿಂತ ಕಡಿಮೆ ಇದ್ದರೆ ಪಿತ್ತದ ಹರಿವಿನ ಕಡೆ ನೋಡುತ್ತಿದ್ದೆವು. ಟಿಬಿ ಮಾತ್ರೆಗಳಲ್ಲಿ ಐಸೋನಿಯಜಿಡ್, ಪೈರಜಿನಮೈಡ್ ಕೊಡುವ ಪೆಟ್ಟು ಸಾಮಾನ್ಯವಾಗಿ ಮೊದಲನೇ ಥರದ್ದು, ಅದೂ ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲಿ. ಇನ್ನೊಂದು ಮಾತ್ರೆ ಎಥಾಂಬ್ಯುಟಾಲ್ ಮೇಲೆ ನನಗೆ ಅನುಮಾನ ಕಡಿಮೆ.

ನನಗೆ ಚಿಂತೆ ಕಣ್ಣು ಹಳದಿ ಮಾಡುವ ಬಿಲಿರುಬಿನ್‌ನದು. ಎಸ್‌ಜಿಪಿಟಿ ಮೂರು ಪಟ್ಟು ದಾಟಿ, ಬಿಲಿರುಬಿನ್ನೂ ಎರಡು ಪಟ್ಟು ದಾಟಿದರೆ ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡಲು ಇವತ್ತೇ ಪಿಟಿ-ಐಎನ್‌ಆರ್ ಮಾಡಿಸಿ. ಅಮ್ಮ ಮಂಕಾದರೆ, ಹಗಲೆಲ್ಲ ತೂಕಡಿಸಿದರೆ, ಮಾತು ತಡವರಿಸಿದರೆ ಕಾಯಬೇಡಿ, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಮೂತ್ರ ಮೊದಲ ದಿನದಿಂದಲೇ ಕೆಂಪಗಿತ್ತು. ಆಗಲೇ ಬರಬೇಕಿತ್ತಾ?

ಉತ್ತರ: ಇಲ್ಲ, ಅದು ರಿಫಾಂಪಿಸಿನ್ ಅನ್ನುವ ಟಿಬಿ ಮಾತ್ರೆಯ ಬಣ್ಣ. ತೊಂದರೆ ಏನಂದ್ರೆ, ಆ ಬಣ್ಣದಲ್ಲಿ ಕಾಮಾಲೆಯ ಮೂತ್ರ ಗೊತ್ತೇ ಆಗಲ್ಲ. ಅದಕ್ಕೇ ಕಣ್ಣಿನ ಬಿಳಿ ಭಾಗವನ್ನು ಬೆಳಗಿನ ಬೆಳಕಲ್ಲಿ ನೋಡಿ ಅನ್ನುವುದು. ಬಲ್ಬಿನ ಬೆಳಕಲ್ಲಿ ಎಲ್ಲವೂ ಹಳದಿಯೇ.

ಪ್ರಶ್ನೆ: ಮಾತ್ರೆ ನಿಂತರೆ ಟಿಬಿ ಜಾಸ್ತಿಯಾಗಲ್ವಾ?

ಉತ್ತರ: ಕೆಲವು ದಿನ ಬಿಡುವುದು ಅನಿವಾರ್ಯ. ಟಿಬಿ ಜೋರಾಗಿದ್ದು ಕಾಯಲಾಗದ ಸ್ಥಿತಿ ಇದ್ದರೆ ಲಿವರ್‌ಗೆ ಭಾರವಾಗದ ಬೇರೆ ಔಷಧಿ ಕೊಡುತ್ತಾರೆ. ಎಸ್‌ಜಿಪಿಟಿ ಎರಡು ಪಟ್ಟಿಗಿಂತ ಕೆಳಗಿಳಿದು, ಬಿಲಿರುಬಿನ್ನೂ ಇಳಿದ ಮೇಲೆ ಒಂದೊಂದೇ ಮಾತ್ರೆ ಮತ್ತೆ ಶುರು. ಸಾಮಾನ್ಯವಾಗಿ ಮೊದಲು ರಿಫಾಂಪಿಸಿನ್, ಕೆಲವು ದಿನ ಬಿಟ್ಟು ರಕ್ತ ನೋಡಿ ಐಸೋನಿಯಜಿಡ್. ಪೈರಜಿನಮೈಡನ್ನು ಎಷ್ಟೋ ಸಲ ಮತ್ತೆ ಕೊಡುವುದೇ ಇಲ್ಲ. ಯಾವುದಕ್ಕೆ ಎಸ್‌ಜಿಪಿಟಿ ಮತ್ತೆ ಏರುತ್ತದೋ ಅದೇ ಕಳ್ಳ. ಇದನ್ನು ಮನೆಯಲ್ಲಿ ಮಾಡಿ ನೋಡಲೇಬೇಡಿ.

ಅಂದಹಾಗೆ, ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದರಾ?

ಪ್ರಶ್ನೆ: ಔಷಧಿ ಅಂತ ಏನೂ ಇಲ್ಲ. ಮಾತ್ರೆ ಉಷ್ಣ ಅಂತ ಅತ್ತೆ ಅಮೃತಬಳ್ಳಿ ರಸ ತಂದುಕೊಟ್ಟಿದ್ದರು. ದಿನಾ ಬೆಳಿಗ್ಗೆ ಎರಡು ಚಮಚ.

ಉತ್ತರ: ನೋಡಿ, ಇದು ಮೊದಲೇ ಬರಬೇಕಿತ್ತು! ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ತೊಂದರೆ ಕಂಡಿದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ನಮಗೆ ಬೇಡ. ರಸವೂ ಅನುಮಾನದ ಪಟ್ಟಿಗೆ ಸೇರಿತು, ಇವತ್ತಿಂದ ನಿಲ್ಲಿಸಿ. ಅತ್ತೆಯವರನ್ನು ಬೈಯಬೇಡಿ, ಯಾವತ್ತಿಂದ ಕೊಟ್ಟರು ಅಂತ ಮಾತ್ರ ಕೇಳಿ ಬರೆದಿಟ್ಟುಕೊಳ್ಳಿ. ಬಾಟಲಿ ಎಸೆಯಬೇಡಿ, ಆಸ್ಪತ್ರೆಗೆ ಹೋಗುವಾಗ ಚೀಲಕ್ಕೆ ಹಾಕಿಕೊಳ್ಳಿ.